ಲಂಡನ್ನಿಗೆ ಹೊರಟ ಗಿಡಗಳು

ಮುಂಬೈಯಲ್ಲಿ ತೋಟ ಮಾಡುವ ಹುಚ್ಚಿದ್ದವರು ಅದನ್ನು ನೀರಿನೊಳಗೆ ಮಾಡುವುದೇ ವಾಸಿ. ಮುಲುಂಡಿನ ನಮ್ಮ ಫ್ಲಾಟಿಗೆ ಸೇರಿದ ಮಣ್ಣು ಎಂದರೆ ಕಿಟಕಿಯ ಗ್ರಿಲ್ಲಿನಲ್ಲಿರುವ ಕುಂಡಗಳ ಮಣ್ಣು. ಅದರ ಮೇಲೆ ಅತ್ತೆಯವರ ತುಳಸಿ, ಕರಿಬೇವು, ದೊಡ್ಡಪತ್ರೆಗಳು ಎಂದೋ ಹಕ್ಕು ಸ್ಥಾಪಿಸಿಬಿಟ್ಟಿವೆ. ನನಗೆ ಉಳಿದದ್ದು ಹಾಲಿನಲ್ಲಿ ಫ್ರಿಜ್ಜಿನ ಪಕ್ಕದ ಎರಡಡಿ ಜಾಗ. ಅಲ್ಲಿ ಎರಡಡಿ ಉದ್ದದ ಗಾಜಿನ ತೊಟ್ಟಿಯನ್ನು ಇಟ್ಟು ರೊಟಾಲಾ, ಅನೂಬಿಯಸ್, ಕ್ರಿಪ್ಟೊಕೊರೈನ್ ಎಂಬ ಜಲಸಸ್ಯಗಳನ್ನು ನೆಟ್ಟೆ. ನಾಲ್ಕು ನಿಯಾನ್ ಟೆಟ್ರಾ ಮೀನುಗಳನ್ನೂ ಬಿಟ್ಟೆ, ಬರುವವರು ಕೇಳುತ್ತಾರೆ ಎಂದು.

ಕೇಳಿಯೇ ಕೇಳುತ್ತಾರೆ. ಮೂರನೇ ಮಹಡಿಯ ಹೋಟೆಲಿನ ಶೆಟ್ಟರು ಮೊದಲ ಸಲ ಬಂದಾಗ ಕನ್ನಡಕವನ್ನು ಹಣೆಗೇರಿಸಿ, ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ಬಹಳ ಹೊತ್ತು ನೋಡಿದರು. "ಇಷ್ಟು ಸೊಪ್ಪಿಗೆ ಇಷ್ಟೇ ಮೀನೇ? ಹುರಿದರೆ ಒಬ್ಬರಿಗೂ ಸಾಲದಲ್ಲ ಮಾರಾಯರೇ" ಎಂದರು. ಗಿಡಕ್ಕೋಸ್ಕರ ತೊಟ್ಟಿ ಇಡುವುದು ಜಪಾನಿನ ತಕಾಶಿ ಅಮಾನೋ ಎಂಬವರು ಜಗತ್ತಿಗೆಲ್ಲ ಹಚ್ಚಿದ ಗೀಳು ಎಂದು ವಿವರಿಸಿದೆ. ಅವರು ಮೊದಲು ಸೈಕಲ್ ಓಟಗಾರರಾಗಿದ್ದರು, ಆಮೇಲೆ ಛಾಯಾಗ್ರಾಹಕರಾದರು, 1982ರಲ್ಲಿ ಇದಕ್ಕೆಂದೇ ಒಂದು ಕಂಪನಿ ತೆರೆದರು ಎಂದೂ ಹೇಳಿದೆ. ಶೆಟ್ಟರು ಎಲ್ಲವನ್ನೂ ಕೇಳಿ, "ಸೈಕಲನ್ನೇ ಮುಂದುವರಿಸಬಹುದಿತ್ತು" ಎಂದು ಎದ್ದು ಹೋದರು. ಅಮಾನೋ 2015ರಲ್ಲಿ ತೀರಿಕೊಂಡರು. ನನ್ನ ಹೆಂಡತಿ ಇನ್ನು ಬೈಯುವುದಿದ್ದರೆ ನನ್ನನ್ನೇ ಬೈಯಬೇಕು.

ನೀರೊಳಗಿನ ಗಿಡಕ್ಕೆ ಬೆಳಕೇ ಅನ್ನ. ಆದರೆ ಬಡಿಸುವ ಕೈ ಸ್ವಲ್ಪ ಧಾರಾಳವಾದರೂ ಗಿಡಕ್ಕಿಂತ ಮೊದಲು ಪಾಚಿ ಉಂಡು ಎದ್ದಿರುತ್ತದೆ. ದಿನಕ್ಕೆ ಆರರಿಂದ ಎಂಟು ಗಂಟೆ ದೀಪ ಉರಿದರೆ ಸಾಕು, ಮೇಲಾಗಿ ದಿನವೂ ಅದೇ ಹೊತ್ತಿಗೆ ಉರಿಯಬೇಕು. ಅದಕ್ಕಾಗಿ ಒಂದು ಟೈಮರ್ ತಂದಿದ್ದೆ. ಅಂಗೈಯಗಲದ ಬಿಳಿ ಪ್ಲಾಸ್ಟಿಕ್ ಚಕ್ರ, ಅಂಚಿನ ಸುತ್ತ 96 ಪುಟ್ಟ ಕಡ್ಡಿಗಳು, ಒಂದೊಂದು ಕಡ್ಡಿಗೆ 15 ನಿಮಿಷ. ದೀಪ ಉರಿಯಬೇಕಾದ ಹೊತ್ತಿನ ಕಡ್ಡಿಗಳನ್ನು ಉಗುರಿನಿಂದ ಒತ್ತಿ ಕೂರಿಸಬೇಕು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಒಳಗೊಂದು ಪುಟಾಣಿ ಮೋಟಾರು ಕಿರ್ರೆನ್ನುತ್ತಾ ಚಕ್ರವನ್ನು ದಿನಕ್ಕೊಂದು ಸುತ್ತು ತಿರುಗಿಸುತ್ತದೆ. ಮಧ್ಯಾಹ್ನ ಮೂರರಿಂದ ರಾತ್ರಿ ಹತ್ತರವರೆಗೆ ಎಂದು ಕಡ್ಡಿ ಒತ್ತಿ ನಿಶ್ಚಿಂತನಾದೆ. ಈ ಯಂತ್ರಕ್ಕೆ ಒಂದು ಗುಣವಿದೆ: ಕರೆಂಟು ತಪ್ಪಿದರೆ ಅದರ ಕಾಲವೂ ಅಲ್ಲೇ ನಿಲ್ಲುತ್ತದೆ, ಕರೆಂಟು ಬಂದಾಗ ನಿಂತಲ್ಲಿಂದ ಮುಂದುವರಿಯುತ್ತದೆ. ಮುಂಬೈಯಲ್ಲಿ ಕರೆಂಟು ಹೋಗುವುದು ಅಪರೂಪ.

ಆದರೆ ಮಳೆಗಾಲ ಬಂತು, ಅಡುಗೆಮನೆಯ ಪ್ಲಗ್ಗು ಜುಮ್ಮೆನ್ನತೊಡಗಿತು. ಮಿಕ್ಸಿ ಹಾಲಿಗೆ ವಲಸೆ ಬಂದು ಫ್ರಿಜ್ಜಿನ ಪಕ್ಕ ಬಿಡಾರ ಹೂಡಿತು. ಕರಾವಳಿಯವರ ಮನೆಯಲ್ಲಿ ರುಬ್ಬುವುದೆಂದರೆ ಬಟನ್ ಒತ್ತಿ ಮುಗಿಸುವ ಕೆಲಸವಲ್ಲ. ಚಟ್ನಿಗೊಂದು ಸಲ, ಸಾಂಬಾರಿನ ಮಸಾಲೆಗೊಂದು ಸಲ, ನಡುವೆ ಮಿಕ್ಸಿ ಬಿಸಿಯಾಯಿತೆಂದು ಅದಕ್ಕೊಂದಿಷ್ಟು ವಿಶ್ರಾಂತಿ. ಕೆಲಸದ ಬಾಯಿ ಬೆಳಿಗ್ಗೆ ಟೈಮರನ್ನು ಕಿತ್ತು ಮಿಕ್ಸಿ ಸಿಕ್ಕಿಸುತ್ತಿದ್ದಳು. ಎಲ್ಲ ಮುಗಿದ ಮೇಲೆ ಟೈಮರನ್ನು ಸೆರಗಿನಿಂದ ಒರೆಸಿ ನಿಷ್ಠೆಯಿಂದ ಮೊದಲಿನಂತೆಯೇ ಇಡುತ್ತಿದ್ದಳು. ಹೀಗೆ ಏನಿಲ್ಲವೆಂದರೂ ದಿನಕ್ಕೆ ಅರ್ಧ ಗಂಟೆ. ನಮ್ಮ ಗಿಡಗಳು ದಿನಕ್ಕೆ ಅರ್ಧ ಗಂಟೆಯಂತೆ ಪಶ್ಚಿಮಕ್ಕೆ ಪ್ರಯಾಣ ಬೆಳೆಸಿದವು. ಅರಬ್ಬೀ ಸಮುದ್ರ ದಾಟಿ, ದುಬೈಯನ್ನು ಹಿಂದೆ ಹಾಕಿ, ಕೊನೆಗೆ ಐದೂವರೆ ಗಂಟೆಯ ಅಂತರ ಕ್ರಮಿಸಿ ಗ್ರೀನಿಚ್ ಮುಟ್ಟಿದವು. ರಾತ್ರಿ ಎಂಟೂವರೆಗೆ ನಮ್ಮ ತೊಟ್ಟಿಯಲ್ಲಿ ಸೂರ್ಯೋದಯ, ನಸುಕಿನ ಮೂರೂವರೆಗೆ ಸೂರ್ಯಾಸ್ತ.

ಆ ದಿನಗಳಲ್ಲಿ ನನ್ನ ಕಚೇರಿಯ ಕೆಲಸವೂ ಲಂಡನ್ನಿನ ಗ್ರಾಹಕರ ಹೊತ್ತಿಗೆ ನಡೆಯುತ್ತಿತ್ತು. ಕೊನೆಗೆ ಸಿಕ್ಕ ಲೋಕಲ್ ಹಿಡಿದು, ನೆನೆದ ಕೊಡೆಯೊಂದಿಗೆ ನಡುರಾತ್ರಿ ಬಾಗಿಲು ತೆರೆದರೆ ಹಾಲಿನ ಕತ್ತಲಲ್ಲಿ ತೊಟ್ಟಿಯೊಂದೇ ಜಗ್ಗನೆ ಬೆಳಗುತ್ತಿತ್ತು. ರೊಟಾಲಾದ ಎಲೆಗಳಿಂದ ಆಮ್ಲಜನಕದ ಗುಳ್ಳೆಗಳು ಸರಪಣಿ ಕಟ್ಟಿಕೊಂಡು ಮೇಲೇರುತ್ತಿದ್ದವು. ದಣಿದು ಬರುವ ಗಂಡ ನೋಡಲಿ ಎಂದು ಹೆಂಡತಿ ದೀಪ ಉಳಿಸಿಟ್ಟಿದ್ದಾಳೆ ಎಂದು ಬಗೆದು, ಮನಸ್ಸು ತುಂಬಿ, ಸುಮ್ಮನೆ ಮಲಗುತ್ತಿದ್ದೆ. ಇದು ಗಂಡನ ಹೊಸ ಹುಚ್ಚಿರಬೇಕು, ಕೇಳಿದರೆ ಒಂದು ಗಂಟೆ ಉಪನ್ಯಾಸವಾಗುತ್ತದೆ ಎಂದು ಬಗೆದು ಅವಳೂ ಸುಮ್ಮನಿದ್ದಳು. ದಾಂಪತ್ಯದಲ್ಲಿ ಎಷ್ಟೋ ಸಾಮರಸ್ಯ ಹೀಗೆಯೇ ಉಂಟಾಗುತ್ತದೆ.

ಗುಟ್ಟು ರಟ್ಟಾದದ್ದು ಎದುರು ವಿಂಗಿನ ಕಾಕೂ ಅವರಿಂದ. ಮೆಟ್ಟಿಲಿನಲ್ಲಿ ನನ್ನ ಹೆಂಡತಿಯನ್ನು ತಡೆದು, "ನಿಮ್ಮ ಮಗ ಬೆಳಗಿನ ಜಾವ ಮೂರರವರೆಗೂ ಓದುತ್ತಾನಲ್ಲ, ಕಣ್ಣಿಗೆ ಬಾದಾಮಿ ಎಣ್ಣೆ ಹಚ್ಚಿ" ಎಂದರಂತೆ. ವಿಚಾರಿಸಿದರೆ ಸುದ್ದಿ ಇಡೀ ಸೊಸೈಟಿಯಲ್ಲಿ ಹರಡಿತ್ತು. ನಮ್ಮ ಹಾಲಿನ ಕಿಟಕಿಯತ್ತ ಬೆರಳು ತೋರಿಸಿ ತಾಯಂದಿರು ತಮ್ಮ ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದರು. ನಮ್ಮ ಕುಲದೀಪಕ ಅದೇ ಹಾಲಿನಲ್ಲಿ, ಅದೇ ದೀಪದ ಕೆಳಗೆ, ಮುಖದ ಮೇಲೆ ಚಾದರ ಎಳೆದುಕೊಂಡು ಗೊರಕೆ ಹೊಡೆಯುತ್ತಿದ್ದ. ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತರುತ್ತೇನೆ, ಅದು ಕರೆಂಟು ತೆಗೆದರೂ ಹೊತ್ತು ಮರೆಯುವುದಿಲ್ಲ ಎಂದಾಗ ಅವನ ಮುಖ ಬಾಡಿತು. "ಅಪ್ಪಾ, ಪರೀಕ್ಷೆ ಮುಗಿಯುವವರೆಗಾದರೂ ಇದೇ ಇರಲಿ" ಎಂದು ಗೋಗರೆದ. ಗಿಡಗಳಿಗೆ ಮಾತ್ರ ಏನೂ ಆಗಿರಲಿಲ್ಲ. ಏಳು ಗಂಟೆ ಬೆಳಕು ಸಿಕ್ಕರೆ ಸಾಕು, ಅದು ಮುಲುಂಡಿನದೋ ಲಂಡನ್ನಿನದೋ ಅವಕ್ಕೆ ಲೆಕ್ಕವಿಲ್ಲ. ಸಂಜೆ ಏಳಕ್ಕೆ ನೋಡಿದರೆ ರೊಟಾಲಾ ತುದಿಯ ಎಲೆಗಳನ್ನು ಕೈ ಮುಗಿದಂತೆ ಜೋಡಿಸಿಕೊಂಡು ಸುಖವಾಗಿ ನಿದ್ದೆ ಮಾಡುತ್ತಿತ್ತು.

ಇಂಗಾಲದ ಡೈಆಕ್ಸೈಡಿಗಾಗಿ ಸಕ್ಕರೆ ನೀರಿಗೆ ಯೀಸ್ಟ್ ಹಾಕಿ ಬಾಟಲಿ ಕಟ್ಟಿದ ಪ್ರಕರಣವನ್ನು ಹೆಚ್ಚು ಬೆಳೆಸುವುದಿಲ್ಲ. ಯೀಸ್ಟ್ ಅನಿಲದ ಜೊತೆಗೆ ಮದ್ಯಸಾರವನ್ನೂ ತಯಾರಿಸುತ್ತದೆ, ಅತ್ತೆಯವರ ಮೂಗು ಬಹಳ ಚುರುಕು, ಅಂದು ಏಕಾದಶಿ. ಇಷ್ಟು ಸಾಕು.

ನೀರಿನ ಪರೀಕ್ಷೆಗೆ ಬರೋಣ. ಮೀನಿನ ಹೊಲಸಿನಿಂದ ಅಮೋನಿಯಾ ಹುಟ್ಟುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ಮೊದಲೆರಡು ಮೀನಿಗೆ ವಿಷ, ಅವು ಸೊನ್ನೆಯಲ್ಲಿರಬೇಕು. ಮೂರನೆಯದನ್ನು ಗಿಡ ಉಣ್ಣುತ್ತದೆ. ಗಾಜಿನ ಕೊಳವೆಯಲ್ಲಿ ಐದು ಮಿಲಿಲೀಟರ್ ನೀರು ಹಿಡಿದು, ಪರೀಕ್ಷೆಯ ಕಿಟ್ಟಿನ ಬಾಟಲಿಗಳಿಂದ ಹನಿ ಹಾಕಿ, ಬಂದ ಬಣ್ಣವನ್ನು ಅದರ ಜೊತೆ ಬರುವ ಬಣ್ಣದ ಕಾರ್ಡಿನ ಪಕ್ಕ ಇಟ್ಟು ನೋಡಬೇಕು. ನೈಟ್ರೇಟಿನ ಎರಡನೇ ಬಾಟಲಿಯನ್ನಂತೂ ಅರ್ಧ ನಿಮಿಷ ಜೋರಾಗಿ ಕುಲುಕದಿದ್ದರೆ ಅದು ಸತ್ಯ ನುಡಿಯುವುದಿಲ್ಲ. ಆದರೆ ಕಾರ್ಡಿನಲ್ಲಿ ಹತ್ತಕ್ಕೂ ಇಪ್ಪತ್ತಕ್ಕೂ ಇರುವ ವ್ಯತ್ಯಾಸ ಗಂಡಸಿನ ಕಣ್ಣಿಗೆ ದಕ್ಕುವಂಥದ್ದಲ್ಲ. ಎರಡೂ ಕಿತ್ತಳೆಯೇ. ನಾನು ಟ್ಯೂಬ್‌ಲೈಟಿನ ಕೆಳಗೆ ಕೊಳವೆಯನ್ನು ಹಿಂದೆ ಮುಂದೆ ಮಾಡುತ್ತಾ ತಿಣುಕುತ್ತಿದ್ದಾಗ ಹೆಂಡತಿ ಬಂದು ಅದನ್ನು ಕಸಿದುಕೊಂಡಳು. "ದಾದರಿನ ಸೀರೆ ಅಂಗಡಿಯಲ್ಲಿ ಬಣ್ಣವನ್ನು ಟ್ಯೂಬ್‌ಲೈಟಿನಲ್ಲಿ ನೋಡಿ ಕೊಂಡವರು ಉದ್ಧಾರವಾಗಿದ್ದಾರೆಯೇ? ಹಗಲು ಬೆಳಕಿಗೆ ತರಬೇಕು" ಎಂದು ಕಿಟಕಿಗೆ ಒಯ್ದಳು. ಒಂದೇ ನೋಟ. "ಇದು ಕೇಸರಿಯಲ್ಲ, ಮಾಗಿದ ಮಾವಿನ ಹಣ್ಣಿನ ಬಣ್ಣ. ಹತ್ತು." ಅಂದಿನಿಂದ ನಮ್ಮ ಮನೆಯ ಪ್ರಯೋಗಾಲಯದ ಮುಖ್ಯಸ್ಥೆ ಅವಳೇ. ಕಾರ್ಡನ್ನು ಹಗಲು ಬೆಳಕಿನಲ್ಲಿ ಓದಬೇಕು ಎಂದು ಕಿಟ್ಟಿನ ಚೀಟಿಯಲ್ಲೂ ಸಣ್ಣಕ್ಷರದಲ್ಲಿ ಬರೆದಿದೆ. ಸೀರೆ ಕೊಳ್ಳುವವರಿಗೆ ಅದನ್ನು ಬರೆದು ತಿಳಿಸಬೇಕಾಗಿಲ್ಲ.

ಇನ್ನು ಟಿಡಿಎಸ್ ಪೆನ್ನು. ನೀರಿಗೆ ಅದ್ದಿದರೆ ಕರಗಿದ ಲವಣ ಎಷ್ಟಿದೆ ಎಂದು ಅಂಕಿಯಲ್ಲಿ ಹೇಳುತ್ತದೆ. ಹಾಗೆ ನೋಡಿದರೆ ಅದು ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನಷ್ಟೇ. ಉಳಿದದ್ದು ಅದರ ಊಹೆ. ಶೆಟ್ಟರು ಒಂದು ದಿನಕ್ಕೆಂದು ಕೇಳಿ ಒಯ್ದ ಪೆನ್ನು ಸೊಸೈಟಿಯ ಎಲ್ಲ ಮಹಡಿಗಳ ಯಾತ್ರೆ ಮುಗಿಸಿ, ತುದಿಗೆ ಒಂದು ಕೊತ್ತಂಬರಿ ಎಲೆ ಅಂಟಿಸಿಕೊಂಡು ಮರಳಿತು. ಯಾರೋ ಚಹಾ ಅಳೆದಿದ್ದರು, ಯಾರೋ ಗಂಗಾಜಲ ಅಳೆದಿದ್ದರು. ಅತ್ತೆಯವರೂ ತಮ್ಮ ಸಾರಿಗೆ ಅದ್ದಿದರು. ಅಂಕಿ ಅಳತೆ ಮೀರಿ ಪೆನ್ನು ಕೈಚೆಲ್ಲಿದಾಗ, "ನೋಡಿದಿರಾ, ಇದಕ್ಕೂ ಗೊತ್ತಾಗುತ್ತದೆ" ಎಂದು ಬೀಗಿದರು.

ನಲ್ಲಿಯ ನೀರಿಗೆ ಮಾತ್ರ ಅದು ನೂರರೊಳಗೇ ತೋರಿಸುತ್ತಿತ್ತು. ಮುಂಬೈ ಕುಡಿಯುವುದು ಬಹುಮಟ್ಟಿಗೆ ಮಳೆನೀರನ್ನೇ. ವಿಹಾರ, ತುಳಸಿ, ತಾನ್ಸಾ, ಭಾತ್ಸಾ, ವೈತರಣಾದ ಅಣೆಕಟ್ಟುಗಳು ಹೀಗೆ ಏಳು ಜಲಾಶಯಗಳು. ಜುಲೈಯಲ್ಲಿ ಅವು ಎಷ್ಟು ತುಂಬಿದವು ಎಂದು ದಿನವೂ ಪತ್ರಿಕೆಯಲ್ಲಿ ಓದದೆ ಇಲ್ಲಿನವರಿಗೆ ಚಹಾ ಇಳಿಯುವುದಿಲ್ಲ. ವಿಹಾರದ ನೀರು ಈ ಊರಿಗೆ 1860ರಿಂದ ಬರುತ್ತಿದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ. ಅದಕ್ಕಿಂತ ಕಡಿಮೆ ಇರುವಲ್ಲಿ ನೀರಿನ ಲವಣವನ್ನೆಲ್ಲ ಸೋಸುವ ಆರ್‌ಒ ಯಂತ್ರ ಬೇಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿತ್ತು. ಹೇಳಿದ್ದು ಮಾರುವವರ ಕಿವಿಗೆ ಬಿದ್ದಂತಿಲ್ಲ.

ಏಕೆಂದರೆ ಒಂದು ಭಾನುವಾರ ಟೈ ಕಟ್ಟಿದ ಹುಡುಗನೊಬ್ಬ ನಮ್ಮ ಬಾಗಿಲಿಗೇ ಬಂದ. ಎರಡು ಲೋಟಗಳನ್ನು ಟೀಪಾಯಿಯ ಮೇಲೆ ಇಟ್ಟು, ಒಂದಕ್ಕೆ ನಮ್ಮ ನಲ್ಲಿಯ ನೀರು, ಇನ್ನೊಂದಕ್ಕೆ ತನ್ನ ಬಾಟಲಿಯ ಆರ್‌ಒ ನೀರು ಸುರಿದ. ಲೋಹದ ಕಡ್ಡಿಗಳಿದ್ದ ಪೆಟ್ಟಿಗೆಯೊಂದನ್ನು ಎರಡರಲ್ಲೂ ಇಳಿಸಿ ಸ್ವಿಚ್ ಹಾಕಿದ. ನಲ್ಲಿಯ ನೀರು ನೋಡುತ್ತಿದ್ದಂತೆ ಕಂದುಬಣ್ಣಕ್ಕೆ ತಿರುಗಿ ಚರಂಡಿಯಂತಾಯಿತು. ಅವನದು ಸ್ಫಟಿಕದಂತೆ ಉಳಿಯಿತು. "ನೀವು ಕುಡಿಯುತ್ತಿರುವುದು ಇದನ್ನೇ" ಎಂದು ಹಿಂದಿಯಲ್ಲಿ ದನಿ ತಗ್ಗಿಸಿ ಹೇಳಿದ. ಆ ಕೊಳೆ ನೀರಿನದಲ್ಲ, ಅವನ ಕಬ್ಬಿಣದ ಕಡ್ಡಿ ಕರಗಿ ಬಿಟ್ಟ ತುಕ್ಕು; ಲವಣವಿಲ್ಲದ ನೀರಿನಲ್ಲಿ ವಿದ್ಯುತ್ ಹರಿಯದೆ ಕಡ್ಡಿ ಕರಗುವುದಿಲ್ಲ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯವರು ಬಾಟಲಿಯಲ್ಲಿ ಉಳಿದಿದ್ದ ಅವನ ನೀರನ್ನು ಒಂದು ಗುಟುಕು ಕುಡಿದು ಮುಖ ಸಿಂಡರಿಸಿದರು. "ಏನೂ ರುಚಿಯಿಲ್ಲವಲ್ಲ" ಎಂದವರೇ ಒಳಗಿನಿಂದ ಉಪ್ಪು ತಂದು ಅವನ ಲೋಟಕ್ಕೆ ಒಂದು ಚಿಟಿಕೆ ಉದುರಿಸಿದರು. ಕಡ್ಡಿಗಳು ಇನ್ನೂ ಒಳಗಿದ್ದವು. ಸ್ಫಟಿಕದಂಥ ನೀರು ನಮ್ಮ ನಲ್ಲಿ ನೀರಿಗಿಂತ ಹೆಚ್ಚು ಕಪ್ಪಾಯಿತು.

"ಅಯ್ಯೋ ಅಜ್ಜಿ!" ಎಂದ ಹುಡುಗ. ಸೊಲ್ಲಾಪುರದ ಕಡೆಯವನಂತೆ, ಮನೆಮಾತು ಕನ್ನಡ. ಅತ್ತೆಯವರ ಸ್ವರ ಒಮ್ಮೆಗೇ ಬದಲಾಯಿತು: "ಮೊದಲೇ ಹೇಳಬಾರದೇನೋ? ಕುಳಿತುಕೋ, ಊಟ ಮಾಡಿಕೊಂಡು ಹೋಗು." ಟೈ ಸಡಿಲಿಸಿ ಕುಳಿತವನ ಕಣ್ಣು ತೊಟ್ಟಿಯ ಮೇಲೆ ಬಿತ್ತು. ಎದ್ದು ಹತ್ತಿರ ಹೋದ. "ಇದು ರೊಟಾಲಾ ಅಲ್ಲವೇ ಸರ್? ನನ್ನ ರೂಮಿನಲ್ಲೂ ಒಂದು ಸಣ್ಣ ತೊಟ್ಟಿಯಿದೆ. ಎಷ್ಟು ಒಳ್ಳೆಯ ದೀಪ ಹಾಕಿದರೂ ಗಿಡ ಏಳುವುದಿಲ್ಲ. ಹೊಸ ಎಲೆಗಳು ಸುರುಟಿಕೊಂಡೇ ಹುಟ್ಟುತ್ತವೆ."

"ಯಾವ ನೀರು ಹಾಕುತ್ತಿದ್ದೀಯಪ್ಪಾ?"

ಅವನು ಮಾತನಾಡದೆ ತನ್ನ ಬಾಟಲಿಯನ್ನು ನೋಡಿದ. ಆರ್‌ಒ ಯಂತ್ರ ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನು ಬಹುಮಟ್ಟಿಗೆ ಸೋಸಿಬಿಡುತ್ತದೆ, ಅವುಗಳನ್ನು ಮರಳಿ ಬೆರೆಸದಿದ್ದರೆ ಗಿಡ ಉಪವಾಸ ಬೀಳುತ್ತದೆ. ಅದಕ್ಕಿಂತ ಏಳು ಕೆರೆಯ ನೀರಿಗೆ ಕ್ಲೋರಿನ್ ತೆಗೆಯುವ ಹನಿ ಹಾಕಿ ಸುರಿ, ವಾರಕ್ಕೊಮ್ಮೆ ಸ್ವಲ್ಪ ಗೊಬ್ಬರ ಕೊಡು ಎಂದೆ. ಊಟವಾದ ಮೇಲೆ ರೊಟಾಲಾದ ನಾಲ್ಕು ಕುಡಿ ಕತ್ತರಿಸಿ ಕೊಟ್ಟೆ. ಅವನು ಕಂಪನಿಯ ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಸಿಂಕಿಗೆ ಚೆಲ್ಲಿ, ನಮ್ಮ ನಲ್ಲಿಯಿಂದ ತುಂಬಿಸಿಕೊಂಡು ಕುಡಿಗಳನ್ನು ಅದರೊಳಗೆ ಇಳಿಬಿಟ್ಟ. ಚಪ್ಪಲಿ ಮೆಟ್ಟುತ್ತಾ ಮೆಲ್ಲಗೆ ಕೇಳಿದ: "ಸರ್, ಇನ್ನು ಮೇಲಿನ ಮಹಡಿ ಬಾಕಿಯಿದೆ. ಅಜ್ಜಿ ಅಲ್ಲಿಗೆ ಬರುವುದಿಲ್ಲ, ತಾನೇ?"