ಪಾಯಿಂಟ್ ದಾರಿಯಲ್ಲಿದೆ, ಸೀಟು ಹೋಗಿದೆ

ಮ್ಯಾರಿಯಟ್ ಹೋಟೆಲುಗಳ ಬಾನ್ವಾಯ್ ಯೋಜನೆಯಲ್ಲಿ ಕೂಡಿಟ್ಟ ಪಾಯಿಂಟನ್ನು ಸಿಂಗಪುರ ಏರ್‌ಲೈನ್ಸಿನ ಕ್ರಿಸ್‌ಫ್ಲೈಯರ್ ಖಾತೆಗೆ ಕಳಿಸಿದರೆ ಮೂರು ಪಾಯಿಂಟಿಗೆ ಒಂದು ಮೈಲು, ಅಂದರೆ ವಿಮಾನದ ಸೀಟು ಕೊಳ್ಳೋ ಪಾಯಿಂಟು. 60,000 ಪಾಯಿಂಟ್ ಒಟ್ಟಿಗೆ ಹಾಕಿದರೆ 20,000ದ ಮೇಲೆ ಬೋನಸ್ 5,000 ಸೇರಿ 25,000 ಮೈಲು. 57,000 ಹಾಕಿದರೆ ಬರೀ 19,000. ಸರಿ, ಲೆಕ್ಕ ಒಪ್ಪಿಕೊಳ್ಳೋಣ. ಆದರೆ ಮೈಲು ತಲುಪೋಕೆ ದಿನಗಟ್ಟಲೆ ಯಾಕೆ? ಅಷ್ಟರಲ್ಲಿ ನೋಡಿಟ್ಟ, ಕಡಿಮೆ ಮೈಲಿಗೆ ಸಿಗೋ ‘ಸೇವರ್’ ಸೀಟು ಇನ್ಯಾರದೋ ಪಾಲು. ಕಳಿಸಿದ್ದು ವಾಪಸ್ಸೂ ಬರೋದಿಲ್ಲ, ಮೈಲಿಗೆ 36 ತಿಂಗಳ ಆಯಸ್ಸು ಬೇರೆ.

ಇನ್ನು ಹೆಸರಿನ ಗೋಳು! ಹೋಟೆಲ್ ಖಾತೆಯಲ್ಲಿ ನಮ್ಮವರು ಬರೀ ‘ಕೆ.ಎಸ್.’, ಪಾಸ್‌ಪೋರ್ಟ್ ನೋಡಿ ತೆರೆದ ವಿಮಾನದ ಖಾತೆಯಲ್ಲಿ ಊರು, ಅಪ್ಪನ ಹೆಸರು ಪೂರ್ತಿ ಬಿಡಿಸಿರುತ್ತೆ. ಎರಡೂ ಹೊಂದದಿದ್ದರೆ ವರ್ಗಾವಣೆ ಸಿಕ್ಕಿಹಾಕಿಕೊಳ್ಳುತ್ತೆ. ಮೊದಲು ಹೆಸರು ಸರಿಮಾಡಿಸಿ, ಕನಿಷ್ಠ ಮೊತ್ತ 3,000 ಕಳಿಸಿ ನೋಡಿ. ಉಳಿದದ್ದು 60,000ದ ಕಂತಿನಲ್ಲೇ ಹೋಗಲಿ.