ಕೂದಲು ಉದುರದ ನಾಯಿ ಬೇಕಾಗಿದೆ

ಗೆಳೆಯನೊಬ್ಬ ಪ್ರವಾಸಕ್ಕೆ ಹೊರಡುವ ಮುನ್ನ ತನ್ನ ಲ್ಯಾಬ್ರಡಾರನ್ನು ಹತ್ತು ದಿನಗಳ ಮಟ್ಟಿಗೆ ನಮ್ಮ ಮನೆಯಲ್ಲಿ ಬಿಟ್ಟುಹೋದ. ಹನ್ನೊಂದನೆಯ ದಿನ ಬಂದು ನಾಯಿಯನ್ನು ಕರೆದೊಯ್ದನಾದರೂ ಅದರ ಕೂದಲನ್ನು ನಮಗೇ ಬಿಟ್ಟ. ಸೋಫಾದ ಸಂದಿಯಲ್ಲಿ, ಫ್ಯಾನಿನ ರೆಕ್ಕೆಯ ಮೇಲೆ, ಮುಚ್ಚಿಟ್ಟಿದ್ದ ಕನ್ನಡಕದ ಪೆಟ್ಟಿಗೆಯೊಳಗೆ ಆ ಹೊಂಬಣ್ಣದ ಕೂದಲು ತಿಂಗಳುಗಟ್ಟಲೆ ಸಿಗುತ್ತಲೇ ಇತ್ತು. ನಾಯಿ ಹೋದ ಎರಡು ತಿಂಗಳ ಮೇಲೆ ನಾನು ಕೊಂಡ ಕಪ್ಪು ಪ್ಯಾಂಟಿನ ಮೇಲೂ ಏಳೆಂಟು ಕೂದಲು ಕಂಡಾಗ, ಇದು ಉದುರಿದ್ದಲ್ಲ, ಮನೆಯಲ್ಲಿ ಸಂಸಾರ ಹೂಡಿ ಮರಿ ಹಾಕುತ್ತಿದೆ ಎಂಬ ಗುಮಾನಿ ನನಗೆ ಬಂತು.

ವಿಚಿತ್ರವೆಂದರೆ, ಇಷ್ಟಾದ ಮೇಲೂ ಮನೆಯವರೆಲ್ಲರಿಗೂ ನಾಯಿ ಬೇಕೆನಿಸಿತು. ಆದರೆ ಒಬ್ಬೊಬ್ಬರದೂ ಒಂದೊಂದು ಕರಾರು. ಆ ಹತ್ತು ದಿನವೂ ಸೀನುತ್ತಲೇ ಇದ್ದ ಹೆಂಡತಿಗೆ ಕೂದಲು ಉದುರದ ನಾಯಿ ಬೇಕು. ಮಗಳಿಗೆ, ತಬ್ಬಿಕೊಂಡರೆ ಗುರ್ ಎನ್ನದ ಸಾಧುನಾಯಿ ಬೇಕು. ಅಮ್ಮನಿಗೆ, ಮಧ್ಯಾಹ್ನದ ನಿದ್ದೆಯ ಹೊತ್ತಿನಲ್ಲಿ ಬೊಗಳದ ನಾಯಿ ಬೇಕು. ನನಗೆ, ಯಾವ ನಾಯಿಯಾದರೂ ಸರಿ, ಅದರ ಚಾಕರಿ ನನ್ನ ಪಾಲಿಗೆ ಬಾರದಿದ್ದರೆ ಸಾಕು. ಈ ನಾಲ್ಕು ಕರಾರುಗಳಲ್ಲಿ ಯಾವುದು ಮೊದಲು ಬಿದ್ದುಹೋಯಿತೆಂದು ಹೇಳಬೇಕಾಗಿಲ್ಲ. ತಳಿಯನ್ನು ಹುಡುಕುವ ಕೆಲಸವನ್ನೇ ನನಗೆ ವಹಿಸಲಾಯಿತು.

ಗಿಡ್ಡ ಕೂದಲಿನ ನಾಯಿ ಕಡಿಮೆ ಉದುರಿಸುತ್ತದೆ ಎಂಬ ಸರಳ ತರ್ಕದಿಂದ ನಾನು ಹೊರಟೆ. ಪಗ್, ಬೀಗಲ್, ಡಾಲ್ಮೇಷಿಯನ್ ಎಂದು ಪಟ್ಟಿ ಮಾಡಿಕೊಂಡು, ಪರಿಚಯದವರೊಬ್ಬರ ಮನೆಗೆ ಡಾಲ್ಮೇಷಿಯನ್ ನೋಡಲು ಅದೇ ಕಪ್ಪು ಪ್ಯಾಂಟು ಹಾಕಿಕೊಂಡು ಹೋದೆ. ಅದು ಪ್ರೀತಿಯಿಂದ ನನ್ನ ಕಾಲಿಗೆ ಒರಗಿ ಎರಡು ನಿಮಿಷ ನಿಂತಿತು. ಅದು ಅತ್ತ ಸರಿದಾಗ ನನ್ನ ಎಡಗಾಲು ಬಿಳಿಯಾಗಿತ್ತು. ಲ್ಯಾಬ್ರಡಾರಿನ ಕೂದಲು ಬಟ್ಟೆಯ ಮೇಲೆ ಕೂರುವುದಾದರೆ, ಈ ಬಿರುಸಾದ ಗಿಡ್ಡ ಕೂದಲು ಬಟ್ಟೆಯೊಳಕ್ಕೆ ಸೂಜಿಯಂತೆ ನಾಟಿಕೊಳ್ಳುತ್ತದೆ. ಒಂದೊಂದಾಗಿ ಉಗುರಿನಿಂದ ಕೀಳಬೇಕು. ಕೀಳುತ್ತ ಕುಳಿತಾಗಲೇ ನನಗೆ ಹೊಳೆದದ್ದು, ಉದುರುವಿಕೆಗೂ ಉದ್ದಕ್ಕೂ ಸಂಬಂಧವಿಲ್ಲವೆಂದು.

ಸಂಬಂಧವಿರುವುದು ಕೂದಲಿನ ಆಯುಸ್ಸಿಗೆ. ಪ್ರತಿಯೊಂದು ಕೂದಲೂ ಕೆಲಕಾಲ ಬೆಳೆದು, ಕೆಲಕಾಲ ಸುಮ್ಮನಿದ್ದು, ಆಮೇಲೆ ಉದುರುತ್ತದೆ. ಲ್ಯಾಬ್ರಡಾರಿನಂತಹ ನಾಯಿಗಳ ಕೂದಲು ನಿಗದಿತ ಉದ್ದಕ್ಕೆ ಬಂದು ಬೇಗ ನಿವೃತ್ತವಾಗುತ್ತದೆ. ಜೊತೆಗೆ ಹೊರಗೂದಲಿನ ಅಡಿಯಲ್ಲಿ ದಟ್ಟವಾದ ಒಳಗೂದಲೂ ಇರುವುದರಿಂದ ಋತು ಬದಲಾದಾಗ ಮನೆಯಲ್ಲಿ ಹತ್ತಿಯ ಗಿರಣಿಯೇ ನಡೆಯುತ್ತದೆ. ಪೂಡಲ್‌ನ ಕೂದಲಾದರೋ ನಮ್ಮ ತಲೆಗೂದಲಿನಂತೆ ದೀರ್ಘಕಾಲ ಬೆಳೆಯುತ್ತಲೇ ಇರುತ್ತದೆ. (ನಮ್ಮ ಎಂದೆನಲ್ಲ, ಅದರಲ್ಲಿ ನಾನು ಸೇರಿಲ್ಲ. ನನ್ನ ತಲೆಗೂದಲು ಲ್ಯಾಬ್ರಡಾರಿನ ಪಕ್ಷ ಸೇರಿ ಹತ್ತು ವರ್ಷಗಳಾದವು.) ಬಿಷಾನ್ ಫ್ರೀಸೆ, ಮಾಲ್ಟೀಸ್, ಶಿಟ್ಜೂ, ಶ್ನಾಜರ್ ಮೊದಲಾದವೂ ಈ ಕಡಿಮೆ ಉದುರಿಸುವ ಗುಂಪಿನವೇ. ಅಮ್ಮನ ಸಲುವಾಗಿ ಬೊಗಳದ ನಾಯಿಯೆಂದೇ ಹೆಸರಾದ ಆಫ್ರಿಕಾದ ಬಸೆಂಜಿಯ ಹೆಸರನ್ನೂ ಎತ್ತಿದೆ. ಅದು ಹೆಚ್ಚು ಬೊಗಳುವುದಿಲ್ಲ, ಕೂದಲನ್ನೂ ಹೆಚ್ಚು ಉದುರಿಸುವುದಿಲ್ಲ. ಆದರೆ ಖುಷಿಯಾದಾಗ ರಾಗವೆಳೆದಂತೆ ಊಳಿಡುತ್ತದೆ ಎಂದು ತಿಳಿದ ಮೇಲೆ ಅಮ್ಮ, “ಬೊಗಳುವುದೇ ವಾಸಿ ಕಣೋ” ಎಂದು ತನ್ನ ಕರಾರನ್ನು ಹಿಂತೆಗೆದುಕೊಂಡಳು.

ಉಳಿದದ್ದು ಹೆಂಡತಿಯ ಸೀನು. ಈ ಸೀನಿನ ಹಿಂದೆ ನನಗಿಂತ ಮೊದಲೇ ಜಗತ್ತು ಸಾಕಷ್ಟು ಓಡಾಡಿದೆ. ಅಮೆರಿಕದ ಅಂದಿನ ಅಧ್ಯಕ್ಷ ಬರಾಕ್ ಒಬಾಮ ಅವರ ಹಿರಿಯ ಮಗಳಿಗೆ ಅಲರ್ಜಿಯಿದ್ದ ಕಾರಣ 2009ರಲ್ಲಿ ಶ್ವೇತಭವನಕ್ಕೆ ಪೋರ್ಚುಗೀಸ್ ವಾಟರ್ ಡಾಗ್ ತಳಿಯ ನಾಯಿಯೇ ಬಂತು. ಅದಕ್ಕೂ ಎರಡು ದಶಕ ಮೊದಲು ಹವಾಯಿಯ ದೃಷ್ಟಿಹೀನ ಮಹಿಳೆಯೊಬ್ಬರಿಗೆ ಮಾರ್ಗದರ್ಶಿ ನಾಯಿ ಬೇಕಾಗಿತ್ತು. ಅವರ ಪತಿಗೆ ನಾಯಿಗೂದಲಿನ ಅಲರ್ಜಿ. ಅವರಿಗಾಗಿ 1989ರಲ್ಲಿ ಆಸ್ಟ್ರೇಲಿಯಾದ ವಾಲಿ ಕಾನ್‌ರನ್ ಎಂಬವರು ಲ್ಯಾಬ್ರಡಾರಿಗೂ ಪೂಡಲ್‌ಗೂ ಸಂಬಂಧ ಕುದುರಿಸಿದರು. ಹುಟ್ಟಿದ ಮೂರು ಮರಿಗಳಲ್ಲಿ ಆ ಪತಿಯ ಅಲರ್ಜಿಯನ್ನು ಕೆಣಕದೆ ಇದ್ದದ್ದು ಒಂದೇ ಒಂದು. ಉಳಿದೆರಡೂ ಅದೇ ತಂದೆತಾಯಿಯ ಮಕ್ಕಳು ಎಂಬುದನ್ನು ಮರೆತು ಲೋಕವೆಲ್ಲ ಲ್ಯಾಬ್ರಡೂಡಲ್‌ಗೆ ಮುಗಿಬಿದ್ದದ್ದನ್ನು ಕಂಡು, ಇಂಥದ್ದೊಂದನ್ನು ಯಾಕಾದರೂ ಹುಟ್ಟುಹಾಕಿದೆನೋ ಎಂದು ಆತ ಮುಂದೆ ಪರಿತಪಿಸಿದ್ದುಂಟು.

ಅಸಲಿಗೆ ಸೀನು ತರಿಸುವುದು ಕೂದಲಲ್ಲ, ನಾಯಿಯ ಜೊಲ್ಲಿನಲ್ಲೂ ಚರ್ಮದ ಹೊಟ್ಟಿನಲ್ಲೂ ಇರುವ ಪ್ರೋಟೀನುಗಳು. ಅಲರ್ಜಿ ತರುವುದಿಲ್ಲವೆಂದು ಹೆಸರಾದ ತಳಿಗಳ ಮೈಗೂದಲಿನಲ್ಲಿ ಅಂತಹ ಪ್ರಮುಖ ಪ್ರೋಟೀನು ಇತರ ನಾಯಿಗಳಿಗಿಂತ ಹೆಚ್ಚೇ ಇದ್ದದ್ದನ್ನು 2012ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಪ್ರಕಟಿಸಿದ್ದಾರೆ. ಇದನ್ನು ಓದಿದ ಮೇಲೆ ಪುಸ್ತಕ ಬದಿಗಿಟ್ಟು ಮೂಗನ್ನೇ ನಂಬುವುದೆಂದು ನಿಶ್ಚಯಿಸಿ, ಪೂಡಲ್ ಸಾಕುವವರ ಮನೆಗೆ ಸಕುಟುಂಬ ಹೋದೆವು. ಹೆಂಡತಿ ಒಂದು ಗಂಟೆ ತಾಯಿನಾಯಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಕುಳಿತಳು. ನಾವು ಮೂವರೂ ಎದುರಿಗೆ ಕುಳಿತು ಅವಳ ಮೂಗನ್ನೇ ದಿಟ್ಟಿಸುತ್ತಿದ್ದೆವು. ಐವತ್ತನೆಯ ನಿಮಿಷಕ್ಕೆ ಜೋರಾಗಿ ಸೀನಿದ್ದು ನಾನು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ತಾಯಿನಾಯಿಯನ್ನೇ ನೋಡಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ತಳಿಯ ಹೆಸರು ಕೇಳಿ ಸ್ವಭಾವವನ್ನು ಊಹಿಸುವುದು ಬಲು ದುರ್ಬಲವಾದ ಜ್ಯೋತಿಷ್ಯ. 18,000ಕ್ಕೂ ಹೆಚ್ಚು ನಾಯಿಗಳ ಕುರಿತು ಮಾಲೀಕರನ್ನು ಕೇಳಿ 2022ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ನಾಯಿ ನಾಯಿಗಳ ನಡುವಿನ ವರ್ತನೆಯ ವ್ಯತ್ಯಾಸಕ್ಕೆ ತಳಿಯ ಕೊಡುಗೆ ಕೇವಲ ಶೇ. 9ರಷ್ಟೆಂದು ಕಂಡುಬಂದಿತ್ತು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ನಮ್ಮ ಗಾದೆಯೇ ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ಅಪರಿಚಿತರಾದ ನಾಲ್ವರು ತನ್ನ ಮರಿಗಳನ್ನು ಎತ್ತಿ ಇಳಿಸುತ್ತಿದ್ದರೂ ಆ ತಾಯಿ ಅಂಜಲಿಲ್ಲ, ಗುರುಗುಟ್ಟಲಿಲ್ಲ. ಮರಿಗಳಲ್ಲಿ ಮಗಳ ಶೂ ಲೇಸಿಗೆ ಜೋತುಬಿದ್ದದ್ದನ್ನೂ ಅಲ್ಲ, ಮೂಲೆಯಲ್ಲಿ ಅಡಗಿದ್ದನ್ನೂ ಅಲ್ಲ, ತಾನಾಗಿ ಬಂದು ಮೂಸಿ ಅಲ್ಲಿಯೇ ಕುಳಿತ ಕಪ್ಪು ಮರಿಯನ್ನು ಆರಿಸಿ, ಗುಂಡ ಎಂದು ಹೆಸರಿಟ್ಟೆವು.

ಏಳೆಂಟು ತಿಂಗಳು ನಮ್ಮದು ರಾಮರಾಜ್ಯ. ಗುಂಡನನ್ನು ಹೊತ್ತು ತಿರುಗಿದರೂ ಬಟ್ಟೆಗೆ ಒಂದು ಕೂದಲು ಅಂಟುತ್ತಿರಲಿಲ್ಲ. ಬಂದವರಿಗೆಲ್ಲ ನಾನು ನೆಲ ಸವರಿ ಅಂಗೈ ತೋರಿಸುತ್ತಿದ್ದೆ. ಅದರ ಬಾಚಣಿಗೆ ಬೀರುವಿನಲ್ಲಿ ಹೊಚ್ಚ ಹೊಸದಾಗಿಯೇ ಇತ್ತು. ಮರಿಗೂದಲು ಹೋಗಿ ದೊಡ್ಡ ಕೂದಲು ಬರುವ ಆ ವಯಸ್ಸಿನಲ್ಲಿ ನೆಲಕ್ಕೆ ಬೀಳದ ಕೂದಲು ಎಲ್ಲಿಗೆ ಹೋಗುತ್ತದೆ ಎಂದು ನಾನು ಕೇಳಿಕೊಳ್ಳಬೇಕಿತ್ತು. ಒಂದು ಭಾನುವಾರ ಅದರ ಕಿವಿಯ ಹಿಂದೆ ಕೈಯಾಡಿಸಿದಾಗ ಬೆರಳಿಗೆ ಅಡಕೆ ಗಾತ್ರದ ಗಂಟು ತಗುಲಿತು, ಕಂಕುಳಲ್ಲಿ ಇನ್ನೆರಡು. ಉದುರಿದ ಕೂದಲೆಲ್ಲ ಸುರುಳಿಗಳೊಳಗೇ ಸಿಕ್ಕಿಕೊಂಡು ಬುಡದಲ್ಲಿ ಜಡೆಗಟ್ಟುತ್ತಿತ್ತು.

ನೆನೆಸಿದರೆ ಮೆತ್ತಗಾಗುತ್ತದೆ ಎಂದು ಬಗೆದು ನಾನು ಗುಂಡನಿಗೆ ಬಿಸಿನೀರಿನ ಸ್ನಾನ ಮಾಡಿಸಿ, ಟವೆಲಿನಿಂದ ಚೆನ್ನಾಗಿ ಉಜ್ಜಿದೆ. ಕುರಿಯ ತುಪ್ಪಟವನ್ನು ನೆನೆಸಿ ಉಜ್ಜಿದರೆ ಕಂಬಳಿ ಬಿಗಿಯುತ್ತದೆಯಲ್ಲ, ಅದೇ ವಿದ್ಯೆಯನ್ನು ನಾನು ಸ್ವಂತ ನಾಯಿಯ ಮೈಮೇಲೆ ಪ್ರಯೋಗಿಸಿದ್ದೆ. ಒಣಗುವಷ್ಟರಲ್ಲಿ ಅಡಕೆಗಳೆಲ್ಲ ಸೇರಿ ಒಂದೇ ಹಾಳೆಯಾಗಿ, ಬಾಚಣಿಗೆಯ ಹಲ್ಲು ಒಳಗಿಳಿಯಲಿಲ್ಲ. ಕತ್ತರಿ ಹಾಕಲು ಹೋದೆ. ಗಂಟಿನ ಬುಡದಲ್ಲಿ ಕೂದಲೆಲ್ಲಿ ಮುಗಿಯಿತು, ಚರ್ಮವೆಲ್ಲಿ ಮೊದಲಾಯಿತು ಎಂದು ತಿಳಿಯದೆ ಕೈ ನಡುಗಿತು. ಕೊನೆಗೆ ನಾಯಿಗಳ ಕ್ಷೌರ ಬಲ್ಲವರ ಬಳಿಗೆ ಓಡಿದೆ. ಅವರು ಒಂದೇ ಮಾತು ಕೇಳಿದರು: “ಬಾಚುವ ಮೊದಲು ಸ್ನಾನ ಮಾಡಿಸಿದಿರಾ?” ನಾನು ಗೋಡೆ ನೋಡಿದೆ. ಯಂತ್ರ ಆಡಿದ ಹಾಗೆಲ್ಲ ಇಡೀ ಮೈಗೂದಲು ಕಂಬಳಿಯ ತುಂಡಿನಂತೆ ಒಂದೇ ಹಾಳೆಯಾಗಿ ಕಳಚಿಬಂದು, ಒಳಗಿನಿಂದ ನಾಯಿಯ ಮುಕ್ಕಾಲು ಪಾಲಿನಷ್ಟು ಒಂದು ಬಡಕಲು ಪ್ರಾಣಿ ಹೊರಬಿತ್ತು. ನಮ್ಮಿಬ್ಬರ ತಲೆಗಳನ್ನು ಒಂದರ ಪಕ್ಕದಲ್ಲೊಂದು ನೋಡಿದ ಮಗಳು, “ಅಪ್ಪಾ, ಈಗ ಯಾರು ಕೇಳಿದರೂ ನಿನ್ನ ಮಗನೇ ಅಂತಾರೆ” ಎಂದಳು.

ಅಂದಿನಿಂದ ದಿನ ಬಿಟ್ಟು ದಿನ ಸಂಜೆ ನನ್ನ ಬಾಚುವ ಸರದಿ. ಐದಾರು ವಾರಕ್ಕೊಮ್ಮೆ ಕ್ಷೌರದ ಸರದಿ. ಒಂದೊಂದು ಕುಚ್ಚನ್ನು ಮೇಲೆತ್ತಿ, ಬುಡದಿಂದ ತುದಿಯವರೆಗೆ ಸಿಕ್ಕು ಬಿಡಿಸಬೇಕು. ಮೊನ್ನೆ ಆ ಗೆಳೆಯ ಲ್ಯಾಬ್ರಡಾರಿನ ಜೊತೆ ಮತ್ತೆ ಬಂದಿದ್ದ. ಅವರು ಹೊರಟ ಮೇಲೆ ಹೆಂಡತಿ ಸೀನುತ್ತಲೇ ಪೊರಕೆ ತೆಗೆದುಕೊಂಡು ನಡುಮನೆಯನ್ನು ಗುಡಿಸಿ, ಹೊಂಬಣ್ಣದ ಕೂದಲನ್ನು ಮೊರಕ್ಕೆ ಬಳಿದು, ಕೈ ತೊಳೆದು ಬಂದಳು. ಎಲ್ಲ ಸೇರಿ ಹತ್ತು ನಿಮಿಷವಾಗಿರಬಹುದು. ನಾನಿನ್ನೂ ಗುಂಡನ ಬಲಗಿವಿಯಲ್ಲಿದ್ದೆ.