ಬಾಯಿ ಕಟ್ಟಿದರೆ ಸರಿಹೋಗುತ್ತಾ?

"ಸ್ವಲ್ಪ ಬಾಯಿ ಕಟ್ಟಬಾರದಾ?" ಬಿಂಜ್ ಈಟಿಂಗ್, ಅಂದರೆ ತಡೆಯಲಾಗದೆ ಒಂದೇ ಸಲ ವಿಪರೀತ ತಿಂದುಬಿಡುವ ಕಾಯಿಲೆ, ಇರುವವರಿಗೆ ಸಿಗುವ ಬಿಟ್ಟಿ ಸಲಹೆ ಇದು. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಅವರಲ್ಲಿ ಎಷ್ಟೋ ಜನ ಬಾಯಿ ಕಟ್ಟಿ ಕಟ್ಟಿಯೇ ಈ ಸ್ಥಿತಿಗೆ ಬಂದಿರುತ್ತಾರೆ.

1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಅನ್ನುವ ಸಂಶೋಧಕರು ಒಂದು ಪ್ರಯೋಗ ಮಾಡಿದ್ದರು. ಮೊದಲು ಕೆಲವರಿಗೆ ಮಿಲ್ಕ್‌ಶೇಕ್ ಕುಡಿಸಿದರು, ಕೆಲವರಿಗೆ ಏನೂ ಕೊಡಲಿಲ್ಲ. ಆಮೇಲೆ ರುಚಿ ನೋಡುವ ನೆಪದಲ್ಲಿ ಐಸ್‌ಕ್ರೀಮ್ ಮುಂದಿಟ್ಟು, ಬೇಕಾದಷ್ಟು ತಿನ್ನಿ ಅಂದರು. ಡಯಟ್ ಗೊಡವೆ ಇಲ್ಲದವರು ಮಿಲ್ಕ್‌ಶೇಕ್ ಕುಡಿದ ಮೇಲೆ ಕಡಿಮೆ ತಿಂದರು. ಸದಾ ಡಯಟ್ ಲೆಕ್ಕದಲ್ಲೇ ಇರುವವರು ಮಾತ್ರ ಏನೂ ಕುಡಿಯದೆ ಬಂದವರಿಗಿಂತ ಜಾಸ್ತಿ ತಿಂದರು! ಹೇಗೂ ಇವತ್ತಿನ ನೇಮ ಕೆಟ್ಟಿತು, ಇನ್ನೇನು, ತಿಂದುಬಿಡೋಣ ಅನ್ನುವ ಲೆಕ್ಕಾಚಾರ ಅದು. ಎಲ್ಲವೂ ಪರ್ಫೆಕ್ಟ್ ಆಗಿರಬೇಕು ಅನ್ನುವವರಿಗೆ ಈ ಯೋಚನೆ ಇನ್ನೂ ಬೇಗ ಬರುತ್ತದೆ. ಒಂದು ಬಿಸ್ಕತ್ತು ಸಾಕು, ಇಡೀ ದಿನ ಹಾಳಾಯಿತು ಅನಿಸೋದಕ್ಕೆ.

ಇದರ ಜೊತೆಗೆ ಮನಸ್ಸಿನ ಭಾರ. ಯಾರೋ ಆಡಿದ ಮಾತು, ಒಂಟಿತನ, ತನ್ನ ಮೈ ಬಗ್ಗೆ ತನಗೇ ಇರುವ ಅಸಹ್ಯ. ಗಬಗಬನೆ ತಿನ್ನುವಾಗ ಅಷ್ಟು ಹೊತ್ತು ಇವೆಲ್ಲ ಮರೆತುಹೋಗುತ್ತವೆ. ರುಚಿ ಕೂಡ ಗೊತ್ತಾಗುವುದಿಲ್ಲ ಅನ್ನುತ್ತಾರೆ ಎಷ್ಟೋ ಜನ. ಹೊಟ್ಟೆ ಬಿರಿಯುವ ಹೊತ್ತಿಗೆ ನಾಚಿಕೆ ಶುರು. ಖಾಲಿ ಪ್ಯಾಕೆಟ್‌ಗಳನ್ನು ಸದ್ದಾಗದ ಹಾಗೆ ಮಡಚಿ, ಕಸದ ಡಬ್ಬಿಯ ತಳಕ್ಕೆ ತುರುಕಿ, ಮೇಲೆ ಪೇಪರ್ ಮುಚ್ಚುವುದು. ನಾಳೆಯಿಂದ ಉಪವಾಸ ಅಂತ ಶಪಥ. ಆ ಶಪಥವೇ ಮುಂದಿನ ಸಲದ ತಯಾರಿ, ಅಲ್ವಾ?

ಸುಮ್ನೆ ಹಬ್ಬದೂಟ ಜಾಸ್ತಿ ಆಗುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಕಾಯಿಲೆ ಅನ್ನಬೇಕಾದರೆ, ತಡೆಯಲು ಆಗುತ್ತಲೇ ಇಲ್ಲ ಅನಿಸುವಂಥ ತಿನ್ನಾಟ ವಾರಕ್ಕೆ ಒಮ್ಮೆಯಾದರೂ, 3 ತಿಂಗಳು ನಡೆದಿರಬೇಕು. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆ ಅಂತ ಸೇರಿಸಿತು. ದಪ್ಪ ಇರುವವರಿಗೆ ಮಾತ್ರ ಬರುತ್ತದೆ ಅನ್ನುವುದೂ ಸುಳ್ಳು.

ಚಿಕಿತ್ಸೆ ಇದೆ. ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆಯಲ್ಲಿ ಮೊದಮೊದಲು ಹೇಳುವುದೇ ಹೊತ್ತುಹೊತ್ತಿಗೆ ಊಟ ಮಾಡಿ ಅಂತ. ರಾತ್ರಿ ಎಷ್ಟೇ ತಿಂದಿರಲಿ, ಬೆಳಗಿನ ತಿಂಡಿ ಬಿಡುವ ಹಾಗಿಲ್ಲ. "ತಿನ್ನೋದು ಜಾಸ್ತಿ ಆಯ್ತು ಅಂತ ಕರ್ಕೊಂಡು ಬಂದ್ರೆ ಇವರು ಇನ್ನೂ ತಿನ್ನು ಅಂತಾರಲ್ಲ!" ಅಂತ ಮನೆಯವರು ಕಂಗಾಲಾಗಬಹುದು. ಆದರೆ ಬೆಳಗಿನಿಂದ ಖಾಲಿ ಹೊಟ್ಟೆಯಲ್ಲಿದ್ದವರಿಗೆ, ಮನಸ್ಸೂ ಕೆಟ್ಟಿರುವ ರಾತ್ರಿ ಹೊತ್ತಲ್ಲಿ, ತಡೆದುಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು?